ಫ್ಯಾನಿನ ಶ್ರುತಿ

ಆಫೀಸಿನಲ್ಲಿ ನನ್ನ ಕೆಲಸ ಗೆರೆ ನೋಡುವುದು. ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆಯ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ ಕೂತು, ಎಲ್ಲೋ ದೂರದಲ್ಲಿರುವ ಯಂತ್ರಗಳ ಬಿಸಿಯನ್ನೂ ವೇಗವನ್ನೂ ತೋರಿಸುವ ಗೆರೆಗಳು ಪರದೆಯ ಮೇಲೆ ಏರುವುದನ್ನು, ಇಳಿಯುವುದನ್ನು ನೋಡುತ್ತೇನೆ. ಗೆರೆ ಕೆಂಪಾದರೆ ಯಾರಿಗೋ ಫೋನ್ ಮಾಡುತ್ತೇನೆ. ಅವರು ರಿಪೇರಿ ಮಾಡುತ್ತಾರೆ. ಹಸಿರಾದ ಮೇಲೆ ನಾನು ಮೇಲಿನವರಿಗೆ ವರದಿ ಕಳಿಸುತ್ತೇನೆ. ಕೆಲಸಕ್ಕೆಂದು ಸ್ಕ್ರೂಡ್ರೈವರ್ ಹಿಡಿದು ಹದಿನೈದು ವರ್ಷವಾಗಿರಬೇಕು. ಆದರೂ ಕೋಲ್ಕತ್ತದಲ್ಲಿ ನಮಗೆ ಗೊತ್ತಿರುವ ನಾಲ್ಕಾರು ಕನ್ನಡದ ಮನೆಗಳಲ್ಲಿ ನನಗೆ ‘ಕಂಪ್ಯೂಟರ್ ಗೊತ್ತಿರೋರು’ ಎಂಬ ಹೆಸರಿದೆ. ಆ ಹೆಸರನ್ನು ನಾನು ಒಂದು ದಿನವೂ ಅಲ್ಲಗಳೆದವನಲ್ಲ.

ಮನೆಯಲ್ಲಿರುವ ಕಂಪ್ಯೂಟರ್ ಮಾತ್ರ ನನ್ನದಲ್ಲ, ಹೆಂಡತಿಯದು. ಅವಳು ಮೈಸೂರಿನಲ್ಲಿ ಹನ್ನೆರಡು ವರ್ಷ ಒಬ್ಬ ವಿದುಷಿಯ ಹತ್ತಿರ ಸಂಗೀತ ಕಲಿತವಳು. ನನ್ನನ್ನು ಮದುವೆಯಾಗಿ ಇಲ್ಲಿಗೆ ಹೊರಟಾಗ ಆ ಗುರುಗಳು, “ಅಲ್ಲಿಗೆ ಹೋಗಿ ಮೀನಿನ ವಾಸನೇಲಿ ಸಂಗೀತ ಮರೀಬೇಡ ಕಣೇ” ಎಂದಿದ್ದರಂತೆ. ಮರೆತಿಲ್ಲ ಎಂದು ಹೇಳುವುದಕ್ಕೋ ಏನೋ, ಅವಳು ಕಂಪ್ಯೂಟರ್ ಮುಂದೆ ಕೂತು ಬೇರೆ ಬೇರೆ ಊರಿನ ಆರು ಮಕ್ಕಳಿಗೆ ಪಾಠ ಹೇಳುತ್ತಾಳೆ. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಮಕ್ಕಳ ಹಾಡು ಕೇಳಲು ಗುರುಗಳು ಒಪ್ಪಿದ್ದರು. ಅವರಿಗೆ ಎಂಬತ್ತು ಸಮೀಪಿಸಿತ್ತು. ಇನ್ನೊಮ್ಮೆ ಕೇಳುತ್ತಾರೆಂಬ ಭರವಸೆ ಇರಲಿಲ್ಲ. ಹೆಂಡತಿ ಒಂದು ತಿಂಗಳಿನಿಂದ ಅದೇ ಧ್ಯಾನದಲ್ಲಿದ್ದಳು.

ಅಂಥ ಹೊತ್ತಿನಲ್ಲಿ ನಾನು ನನ್ನ ವಿದ್ಯೆ ತೋರಿಸಿದೆ.

ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಒಂದು ರಜಾದಿನ ಮಾಡಲು ಕೆಲಸವಿಲ್ಲದೆ, ಆಫೀಸಿನ ಚಟ ಮನೆಗೂ ಬಂದು, ಒಳಗಿನ ಬಿಸಿ ಮತ್ತು ಫ್ಯಾನಿನ ವೇಗ ತೋರಿಸುವ ಒಂದು ಪ್ರೋಗ್ರಾಂ ಹಾಕಿದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುತ್ತಾರಲ್ಲ, ಹಾಗೆ. ಪ್ರೊಸೆಸರಿನ ನೆತ್ತಿಯ ಮೇಲೆ ಕೂತು ಅದನ್ನು ತಣ್ಣಗಿಡುವ ಆ ಸಣ್ಣ ಫ್ಯಾನಿನ ಗೆರೆ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ನಿಮಿಷಕ್ಕೆ ಸಾವಿರದ ಇನ್ನೂರು ಸುತ್ತು, ತಕ್ಷಣ ಸೊನ್ನೆ, ಮರುಕ್ಷಣ ಆರು ಸಾವಿರ, ಮತ್ತೆ ಸೊನ್ನೆ. ನನಗೆ ಗಾಬರಿಯಾಯಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಮನೆಯಲ್ಲಿ ಕೊನೆಗೂ ನನ್ನ ಅಗತ್ಯ ಬಿದ್ದಿತ್ತು.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಪರದೆ ನೋಡಲಿಲ್ಲ. ತಲೆ ಓರೆ ಮಾಡಿ ಒಂದು ಗಳಿಗೆ ನಿಂತಳು.

“ಫ್ಯಾನ್ ಒಂದೇ ಸಮ ತಿರುಗ್ತಾ ಇದೆ ರೀ. ಶ್ರುತಿ ಒಂದು ಚೂರೂ ಅಲ್ಲಾಡಿಲ್ಲ.”

“ಆರು ಸಾವಿರ ತೋರಿಸ್ತಾ ಇದೆ ನೋಡು.”

“ತೋರಿಸ್ಲಿ. ಅಷ್ಟು ಜೋರಾಗಿ ತಿರುಗಿದ್ರೆ ಕಿರುಚ್ಕೋಬೇಕಲ್ವಾ? ನಿಂತ್ರೆ ಸುಮ್ಮನಾಗ್ಬೇಕಲ್ವಾ?”

“ಇದು ಕಿವೀಲಿ ಕೇಳೋ ವಿಷಯ ಅಲ್ಲ ಕಣೇ” ಎಂದೆ. ಹನ್ನೆರಡು ವರ್ಷ ಕಿವಿಯನ್ನೇ ಪಳಗಿಸಿದವಳಿಗೆ ಹೇಳಿದ ಮಾತು ಅದು. ಅವಳು ಅಡುಗೆಮನೆಗೆ ಹೋದಳು.

ಯಂತ್ರ ಸುಟ್ಟುಹೋಗಬಾರದೆಂದು ನಾನು ಆ ಪ್ರೋಗ್ರಾಮಿನಲ್ಲಿ ಒಂದು ಕಾವಲು ಇಟ್ಟೆ. ಫ್ಯಾನಿನ ವೇಗ ಐದು ಸೆಕೆಂಡು ಸೊನ್ನೆಯಲ್ಲಿ ನಿಂತರೆ ಕಂಪ್ಯೂಟರ್ ತಾನಾಗಿ ಬಂದ್ ಆಗಬೇಕು. ಬಂದ್ ಆಯಿತು ಕೂಡ. ಆ ಭಾನುವಾರಕ್ಕೆ ನಾಲ್ಕು ದಿನ ಇರುವಾಗ, ಬುಧವಾರ, ಒಬ್ಬ ಹುಡುಗಿ ವರ್ಣದ ಅರ್ಧದಲ್ಲಿದ್ದಾಗ ಪರದೆ ಕಪ್ಪಾಯಿತು. ಗುರುವಾರ ಎರಡು ಸಲ. ಹೆಂಡತಿ ಮುಖ ಸಣ್ಣದು ಮಾಡಿಕೊಂಡು ನನ್ನ ಕಡೆ ನೋಡಿದಳು. “ನೋಡಿದ್ಯಾ, ಹೇಳಿದ್ದೆ ತಾನೆ, ಫ್ಯಾನ್ ಕೆಟ್ಟಿದೆ” ಎಂದೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಬೇಲಿ ಹಾಕಿದ ಮಹಾಶಯನಿಗೆ ಹೊಳೆಯಲೇ ಇಲ್ಲ.

ಗುರುವಾರ ಸಂಜೆ ಡಬ್ಬ ಬಿಚ್ಚಿದೆ. ಬಣ್ಣದ ಬ್ರಷ್ಷಿನಿಂದ ಧೂಳು ಕೆಡವಿ, ಅವಳ ಹೇರ್ ಡ್ರೈಯರಿನಿಂದ ಊದಿದೆ. ಗೆರೆ ಕುಣಿಯುತ್ತಲೇ ಇತ್ತು. ಪ್ರೋಗ್ರಾಂ ತೆಗೆದು ಮತ್ತೆ ಹಾಕಿದೆ, ಕಾವಲಿನ ಸಮೇತ. ಈ ಊರಿನ ತೇವದ ಗಾಳಿಯನ್ನು ಬೈದೆ, ಕರೆಂಟನ್ನು ಬೈದೆ, ಕಿಟಕಿಯ ಕೆಳಗೇ ಹಾದುಹೋಗುವ ಆಟೋಗಳ ಹೊಗೆಯನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶುಕ್ರವಾರ ಆಫೀಸಿನಿಂದ ಬರುವಾಗ ಹೊಸ ಫ್ಯಾನ್ ತಂದು ಕೂರಿಸಿದೆ. ಫ್ಯಾನಿನಿಂದ ಹೊರಡುವ ನಾಲ್ಕು ತಂತಿಗಳ ತುದಿಯನ್ನು ಬೋರ್ಡಿನ ಮೇಲಿನ ಪುಟ್ಟ ಮುಳ್ಳುಗಳಿಗೆ ಸಿಕ್ಕಿಸಬೇಕು. ಆ ಮುಳ್ಳುಗಳ ಬುಡದಲ್ಲಿ ಸ್ವಲ್ಪ ಕೆಂಪು ಕಂಡಿತು. ಕಾರ್ಖಾನೆಯವರು ಗುರುತಿಗೆ ಹಚ್ಚಿದ ಬಣ್ಣವಿರಬೇಕೆಂದುಕೊಂಡೆ. ಎಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾರಲ್ಲ ಎಂದು ಮೆಚ್ಚಿಕೊಂಡದ್ದೂ ನೆನಪಿದೆ. ಹೊಸ ಫ್ಯಾನಿನ ಗೆರೆ ಹಳೆಯದಕ್ಕಿಂತ ಜೋರಾಗಿ ಕುಣಿಯಿತು.

“ಇದೂ ಸರಿಯಾಗೇ ತಿರುಗ್ತಾ ಇದೆ” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. “ಹಳೇದಕ್ಕಿಂತ ಅರ್ಧ ಸ್ವರ ಮೇಲಿದೆ, ಅಷ್ಟೇ.”

“ಮದರ್‌ಬೋರ್ಡ್ ಹೋಗಿದೆ” ಎಂದು ನಾನು ತೀರ್ಪು ಕೊಟ್ಟೆ.

ಅವಳು ಕುರ್ಚಿ ಎಳೆದುಕೊಂಡು ಕೂತಳು. “ಭಾನುವಾರ ಫೋನಲ್ಲೇ ಮಾಡ್ತೀನಿ ಬಿಡಿ. ಅದ್ರಲ್ಲಿ ಗುರುಗಳಿಗೆ ಸ್ವರ ಸ್ಪಷ್ಟವಾಗಿ ಕೇಳ್ಸಲ್ಲ. ಏನ್ಮಾಡೋಕಾಗುತ್ತೆ.” ಕಣ್ಣಲ್ಲಿ ನೀರಿತ್ತು.

ಶನಿವಾರ ಬೆಳಿಗ್ಗೆ ಡಬ್ಬವನ್ನು ಟವೆಲ್ಲಿನಲ್ಲಿ ಸುತ್ತಿ, ಹಳೆಯ ಫ್ಯಾನನ್ನು ಚೀಲದಲ್ಲಿ ಹಾಕಿಕೊಂಡು ಟ್ಯಾಕ್ಸಿ ಹತ್ತಿದೆ. ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ, ಇಲ್ಲಿನ ಚಾಂದನಿ ಚೌಕದ ಒಂದು ಗಲ್ಲಿಯಲ್ಲಿ, ಮೂರು ಜನ ನಿಂತರೆ ತುಂಬಿಹೋಗುವಷ್ಟು ದೊಡ್ಡ ಅಂಗಡಿ. ಅದರಲ್ಲಿ ನನಗಿಂತ ಹಿರಿಯ ಬಂಗಾಳಿ ಮೆಕ್ಯಾನಿಕ್. ಚಹಾ ಕುಡಿಯುತ್ತ ನನ್ನ ಭಾಷಣ ಪೂರ್ತಿ ಕೇಳಿದರು. ಸೊನ್ನೆ, ಆರು ಸಾವಿರ, ತೇವ, ಮದರ್‌ಬೋರ್ಡು, ಒಂದನ್ನೂ ನಾನು ಬಿಡಲಿಲ್ಲ. ಆಮೇಲೆ ಅವರು ಯಂತ್ರ ಚಾಲೂ ಮಾಡಿ, ಪರದೆಗೆ ಬೆನ್ನು ಹಾಕಿ, ಡಬ್ಬದ ಹತ್ತಿರ ಕಿವಿ ತಂದರು.

“ಪಂಖಾ ತೋ ಠೀಕ್ ಹೈ, ದಾದಾ.”

“ಹೌದಾ!” ಎಂದೆ. ಕನ್ನಡದಲ್ಲೇ ಬಂದುಬಿಟ್ಟಿತು. ಫ್ಯಾನ್ ಸರಿಯಾಗಿದೆ ಎಂದು ಆ ಕ್ಷಣವೇ ನಂಬಿದೆ.

ಅವರು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಆ ನಾಲ್ಕು ತಂತಿಗಳಲ್ಲಿ ಒಂದಕ್ಕೆ ತಿರುಗಿಸುವ ಕೆಲಸವಿಲ್ಲ. ಎಷ್ಟು ತಿರುಗಿತೆಂದು ವರದಿ ಒಪ್ಪಿಸುವುದಷ್ಟೇ ಅದರ ಕೆಲಸ. ಅದು ತಪ್ಪು ವರದಿ ಒಪ್ಪಿಸುತ್ತಿದೆ. ನಮ್ಮ ಜಾತಿಯ ತಂತಿ ಎಂದುಕೊಂಡೆ. ಅಷ್ಟರಲ್ಲಿ ಅವರು ತುದಿ ಕಿತ್ತು, ಭೂತಗನ್ನಡಿ ಹಿಡಿದು, ಹುಬ್ಬು ಮೇಲೇರಿಸಿದರು.

“ಯೇ ಲಾಲ್ ಲಾಲ್ ಕ್ಯಾ ಹೈ? ಸಿಂದೂರ್?”

ಕೆಂಪು, ಸಿಂದೂರ, ಕುಂಕುಮ. ಒಂದೇ ಸಲಕ್ಕೆ ಎಲ್ಲ ನೆನಪಾಯಿತು. ನಮ್ಮ ಆಯುಧಪೂಜೆ. ಬೀದಿಯ ಪೆಂಡಾಲಿನಲ್ಲಿ ದುರ್ಗೆಯ ಮುಂದೆ ಢಾಕ್ ಎಂಬ ದೊಡ್ಡ ಡೋಲು ಬಡಿಯುತ್ತಿದ್ದರೆ ನಾನು ಮನೆಯಲ್ಲಿ ಮಡಿಯುಟ್ಟು ಚಾಕು, ಮಿಕ್ಸಿ, ಸ್ಕೂಟರಿನ ಕೀಲಿ, ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದೆ. ಕಂಪ್ಯೂಟರಿಗೆ ಬಂದಾಗ ಹೆಂಡತಿ, “ಡಬ್ಬದ ಮೇಲೆ ಒಂದು ಬೊಟ್ಟು ಇಡಿ, ಸಾಕು” ಎಂದಿದ್ದಳು. ಹೊರಗಿನದು ಬರೀ ತಗಡು, ಜೀವ ಇರುವುದು ಒಳಗೆ ಎಂದು ಅವಳಿಗೇ ಪಾಠ ಹೇಳಿ, ಪಕ್ಕದ ಮುಚ್ಚಳ ಬಿಚ್ಚಿ, ನೀರಿನಲ್ಲಿ ಕಲಸಿದ ಕುಂಕುಮವನ್ನು ಉಂಗುರದ ಬೆರಳಲ್ಲಿ ತೆಗೆದುಕೊಂಡು, ಫ್ಯಾನಿನ ನಡುವಿಗೊಂದು, ಅದರ ತಂತಿಗಳು ಬೋರ್ಡಿಗೆ ಸೇರುವ ಬಿಳಿ ಕೊಂಡಿಗೊಂದು ಬೊಟ್ಟಿಟ್ಟಿದ್ದೆ. ಕೊಂಡಿಯದು ಸರಿಯಾಗಿ ಮೂಡಲಿಲ್ಲವೆಂದು ಎರಡನೆಯ ಸಲವೂ ಒತ್ತಿದ್ದೆ.

ಮೆಕ್ಯಾನಿಕ್ ನಗಲಿಲ್ಲ. ತಾವೂ ವಿಶ್ವಕರ್ಮ ಪೂಜೆ ಮಾಡುತ್ತೇವೆ, ಆದರೆ ಸಿಂದೂರವನ್ನು ದೇವರಿಗೆ ಇಡುತ್ತೇವೆ, ಸರ್ಕ್ಯೂಟಿಗಲ್ಲ ಎಂದಷ್ಟೇ ಹೇಳಿದರು. ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮುಳ್ಳುಗಳನ್ನು ತಿಕ್ಕಿ, ಹಳೆಯ ಫ್ಯಾನನ್ನೇ ಮತ್ತೆ ಕೂರಿಸಿದರು. ಗೆರೆ ಮಲಗಿದಂತೆ ನೆಟ್ಟಗಾಯಿತು. ಕಾವಲಿನ ವಿಷಯ ತಿಳಿದಾಗ ಮಾತ್ರ ನಕ್ಕರು. ಯಂತ್ರ ಒಂದು ಸಲವೂ ಬಿಸಿಯಾಗಿರಲಿಲ್ಲ. ಮೂರು ಪಾಠಗಳ ಕತ್ತು ಹಿಸುಕಿದವನು ನಾನೇ.

ಮನೆಯಲ್ಲಿ, “ಕನೆಕ್ಟರಿನಲ್ಲಿ ಏನೋ ಕೊಳೆ ಇತ್ತು, ತೆಗೆಸಿದೆ” ಎಂದೆ. ಸುಳ್ಳಲ್ಲ. ನಿಜವೂ ಅಲ್ಲ. ಅವಳು ಎರಡೂ ಕೈ ಜೋಡಿಸಿ ನನಗೇ ನಮಸ್ಕಾರ ಮಾಡಿದಳು. ಕಾಫಿ ಕೊಟ್ಟಳು. ಕುಡಿದೆ.

ಭಾನುವಾರ ಆರೂ ಮಕ್ಕಳು ಹಾಡಿದರು. ಗುರುಗಳು ಮೈಸೂರಿನ ಮನೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಾನು ಹೆಂಡತಿಯ ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ, ಗೆರೆ ನೋಡುತ್ತ ಕೂತಿದ್ದೆ. ಮಂಗಳ ಮುಗಿದ ಮೇಲೆ ಗುರುಗಳು ಕಣ್ಣು ತೆರೆದರು.

“ಮಗು, ನಿನ್ನ ಶ್ರುತಿಪೆಟ್ಟಿಗೆ ಹಿಂದೆ ಇನ್ನೇನೋ ಒಂದು ಸಣ್ಣಗೆ ಹಾಡ್ತಾ ಇದೆಯಲ್ಲ, ಏನದು?”

“ಕಂಪ್ಯೂಟರ್ ಫ್ಯಾನು, ಗುರುಗಳೇ.”

“ಮೊದಲಿಂದ ಕೊನೇವರೆಗೂ ಅಲ್ಲಾಡ್ಲಿಲ್ಲ ನೋಡು. ನಿನ್ನ ಮೂರನೇ ಹುಡುಗೀಗಿಂತ ಅದೇ ವಾಸಿ.” ಎಲ್ಲರೂ ನಕ್ಕರು, ಮೂರನೆಯ ಹುಡುಗಿ ಕೂಡ. “ಅದು ಕೆಟ್ಟಿದೆ ಅಂದಿದ್ಯಲ್ಲ ಮೊನ್ನೆ?”

“ಇವರು ಸರಿಮಾಡಿಸಿದ್ರು” ಎಂದು ಹೆಂಡತಿ ಹೆಮ್ಮೆಯಿಂದ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿಬಿಟ್ಟಳು. ಆರು ಮಕ್ಕಳು, ಅವರ ಅಪ್ಪ ಅಮ್ಮಂದಿರು, ಗುರುಗಳು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗುರುಗಳು ಕೈಯೆತ್ತಿ, “ಪುಣ್ಯ ಬರ್ಲಿ ಕಣಪ್ಪಾ ನಿಂಗೆ” ಎಂದರು.

ಆ ಪುಣ್ಯ ನನ್ನಿಂದ ನುಂಗಲಾಗಲಿಲ್ಲ. “ಫ್ಯಾನ್ ಕೆಟ್ಟೇ ಇರ್ಲಿಲ್ಲ ಅಮ್ಮಾ” ಎಂದು ಶುರುಮಾಡಿ, ಬೊಟ್ಟು, ಕಾವಲು, ಅಂಗಡಿಯವರು ಕಿವಿಯಿಟ್ಟು ಕೇಳಿದ್ದು, ಸ್ಪಿರಿಟ್ಟು, ಎಲ್ಲ ಒಪ್ಪಿಸಿಬಿಟ್ಟೆ. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗುರುಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹೆಂಡತಿಯೂ ನಕ್ಕಳು.

ಎಲ್ಲರೂ ಹೋದ ಮೇಲೆ ಅವಳು ಶ್ರುತಿಪೆಟ್ಟಿಗೆ ಆರಿಸಿದಳು. ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಸಮನಾಗಿ, ಸಣ್ಣಗೆ. ಅಷ್ಟು ದಿನದಲ್ಲಿ ನಾನು ಅದನ್ನು ಕೇಳಿಸಿಕೊಂಡದ್ದು ಅದೇ ಮೊದಲು.

“ಕುಂಕುಮಕ್ಕೆ ನಂಗೆ ಬೇಜಾರಿಲ್ಲ ರೀ” ಎಂದಳು, ಪೆಟ್ಟಿಗೆಗೆ ಬಟ್ಟೆ ಹೊದಿಸುತ್ತ. “ಫ್ಯಾನ್ ಸರಿಯಾಗಿದೆ ಅಂತ ಮನೇಲಿ ಕೂತು ನಾನು ಎಷ್ಟು ಸಲ ಹೇಳ್ದೆ. ಅಂಗಡಿಯೋರು ಕಿವಿ ಇಟ್ಟು ಒಂದೇ ಒಂದು ಸಲ ಹೇಳಿದ್ರಂತೆ. ನಂಬಿದ್ರಿ.”

ನಾನು ಪರದೆಯ ಕಡೆ ನೋಡಿದೆ. ಗೆರೆ ನೆಟ್ಟಗಿತ್ತು, ಹಸಿರಾಗಿತ್ತು. ಆ ಪ್ರೋಗ್ರಾಂ ಮುಚ್ಚಿಬಿಟ್ಟೆ.