ಸೊನ್ನೆಯಿಂದ ಎಣಿಸುತ್ತಿದ್ದ ಮೂಡ್ಲಪ್ಪ ಮೇಷ್ಟ್ರು

ಬಲಗಾಲಲ್ಲ, ಎಡಗಾಲೇ ಇರಬೇಕು. ಇಷ್ಟು ವರ್ಷ ಬಲಗಾಲು ಎಂದೇ ಹೇಳಿಕೊಂಡು ಬಂದೆ. ಆದರೆ ಮೂಡ್ಲಪ್ಪ ಮೇಷ್ಟ್ರು ಲ್ಯಾಬಿನ ಬಾಗಿಲಿಗೆ ಬಲಭುಜ ಕೊಟ್ಟು ಒರಗಿ ನಿಲ್ಲುತ್ತಿದ್ದರು. ಹಾಗೆ ನಿಂತವರ ಭಾರ ಬಲಗಾಲಿನ ಮೇಲೆ ಬೀಳುತ್ತದೆ. ತಾಳ ಹಾಕಲು ಬಿಡುವಾಗಿರುವುದು ಎಡಗಾಲು. ಈಗ ಎಡಗಾಲು ಎನ್ನುತ್ತಿರುವುದೂ ಹೀಗೆ ಲೆಕ್ಕ ಹಾಕಿಯೇ ಹೊರತು ಕಣ್ಣಾರೆ ಕಂಡದ್ದು ನೆನಪಾಗಿ ಅಲ್ಲ. ಲೋಲಕ ಒಂದು ಸಲ ಹೋಗಿ ಬಂದರೆ ಅವರ ಟಯರಿನ ಚಪ್ಪಲಿ ಒಂದು ಸಲ ನೆಲಕ್ಕೆ ಬಡಿಯುತ್ತಿತ್ತು. ಲೋಲಕದ ಗುಂಡನ್ನು ಕೈಬಿಟ್ಟ ಕ್ಷಣಕ್ಕೆ ಎಲ್ಲರೂ "ಒಂದು" ಎಂದರೆ ಅವರು "ಸೊನ್ನೆ" ಎನ್ನುತ್ತಿದ್ದರು. ಆ ಸೊನ್ನೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಆಗ ನಾನು ತುಮಕೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ. ಅಲ್ಲೇ ಉಪ್ಪಾರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು, ಪಾಠ ಮಾಡುವ ತರಬೇತಿಗೆಂದು ದಿನವೂ ಗುಬ್ಬಿಯ ಒಂದು ಹೈಸ್ಕೂಲಿಗೆ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಿದ್ದೆ. ಆ ತಿಂಗಳುಗಳನ್ನು ನೆನೆದರೆ ಮೊದಲು ಬರುವುದು ಕಾಲುನೋವು. ಆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಮೂಡಲಗಿರಿಯಪ್ಪನವರು. ಊರಿಗೆಲ್ಲ ಮೂಡ್ಲಪ್ಪ ಮೇಷ್ಟ್ರು. ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡಿ ಅಂಕ ಕೊಡಬೇಕಾದವರು ಅವರೇ. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಷರ್ಟಿನ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ದಾರದ ಉಂಡೆ. ಮೊದಲ ದಿನ ನನ್ನ ಪಾಠ ಮುಗಿದ ಮೇಲೆ ಅವರು ಆಡಿದ್ದು ಇಷ್ಟೇ:

"ಚೆನ್ನಾಗ್ ಮಾತಾಡ್ತೀಯ ಕಣಮ್ಮ. ಮಕ್ಳಿಗೂ ಒಸಿ ಮಾತಾಡಕ್ ಬುಡು."

ಗುಂಡಿನ ತೂಕ ಬದಲಾದರೂ ಲೋಲಕ ತೂಗುವ ವೇಳೆ ಬದಲಾಗುವುದಿಲ್ಲ ಎಂದು ತೋರಿಸಲು ಅವರು ಹಿತ್ತಾಳೆ ಗುಂಡಿನ ಪಕ್ಕದಲ್ಲಿ ಒಂದು ಇಡೀ ಗಿಟುಕು ಕೊಬ್ಬರಿಯನ್ನು ನೇತುಹಾಕುತ್ತಿದ್ದರು. ಎರಡೂ ಜೊತೆಜೊತೆಗೆ ತೂಗುತ್ತಿದ್ದವು. ಪ್ರಯೋಗ ಮುಗಿದ ಕೂಡಲೇ ಕೊಬ್ಬರಿ ಒಡೆದು ಹಂಚುತ್ತಿದ್ದರು. "ಹಿತ್ತಾಳೆ ತಿನ್ನಕಾಗಲ್ಲ ಕಣ್ರಲಾ. ಎರಡಕ್ಕೂ ಅದೊಂದೇ ವ್ಯತ್ಯಾಸ."

ಅದೇ ಲೋಲಕದಿಂದ ಭೂಮಿಯ ಸೆಳೆತದ ಬೆಲೆಯನ್ನೂ ಕಂಡುಹಿಡಿಯಬಹುದು. ಅದು ಹತ್ತನೇ ಕ್ಲಾಸಿನ ಪಠ್ಯದಲ್ಲಿತ್ತೋ ಇಲ್ಲವೋ ನೆನಪಿಲ್ಲ, ಅವರಂತೂ ಮಾಡಿಸುತ್ತಿದ್ದರು. ಸೆಂಟಿಮೀಟರ್ ಲೆಕ್ಕದಲ್ಲಿ ಉತ್ತರ ಒಂಬೈನೂರ ಎಂಬತ್ತರ ಆಸುಪಾಸು ಬರಬೇಕು. ಇದು ಎಲ್ಲರಿಗೂ ಮೊದಲೇ ಗೊತ್ತಿದ್ದರಿಂದ ನಾನು ಕಂಡ ಯಾವ ಲ್ಯಾಬಿನಲ್ಲೂ ಬೇರೆ ಉತ್ತರ ಬರುತ್ತಿರಲಿಲ್ಲ. ಮೊದಲು ಉತ್ತರ ಬರೆದುಕೊಂಡು, ಅದಕ್ಕೆ ಹೊಂದುವ ರೀಡಿಂಗುಗಳನ್ನು ಹಿಂದಿನಿಂದ ತುಂಬಿಸುವುದು. ನಾನು ಬಿ.ಎಸ್ಸಿ. ಪಾಸು ಮಾಡಿದ್ದೂ ಹಾಗೆಯೇ.

ಮೂಡ್ಲಪ್ಪ ಮೇಷ್ಟ್ರ ಹತ್ತಿರ ಇದು ನಡೆಯುತ್ತಿರಲಿಲ್ಲ. ಕೊಬ್ಬರಿ ಮಂಡಿ ಸಾಹುಕಾರರ ಮಗ ಸರಿಯಾಗಿ ಒಂಬೈನೂರ ಎಂಬತ್ತು ಎಂದು ಬರೆದು ತಂದಾಗ ಕೆಂಪು ಗೀಟು ಎಳೆದು ಸೊನ್ನೆ ಹಾಕಿದರು. "ಇದು ಪುಸ್ತಕದ್ದು ಕಣ್ಲಾ. ನಿಂದೆಲ್ಲಿ?" ಮಾರನೆಯ ದಿನ ಹುಡುಗನ ಅಪ್ಪ ಹೆಡ್ಮಾಸ್ಟರ ಕೋಣೆಗೆ ಬಂದರು. "ಸರಿ ಉತ್ತರಕ್ಕೆ ಸೊನ್ನೆ ಕೊಡ್ತಾರಲ್ಲ ಸ್ವಾಮಿ, ಇದ್ಯಾವ ನ್ಯಾಯ?" ಹೆಡ್ಮಾಸ್ಟರು ಅಂಕ ಹಾಕಿಸಿದರು. ಮೇಷ್ಟ್ರು ವಾದಿಸಲಿಲ್ಲ. ಮುಂದಿನ ವಾರ ಇನ್ನೊಬ್ಬನಿಗೆ ಸೊನ್ನೆ ಹಾಕಿದರು.

ಪುಟ್ಟಲಕ್ಷ್ಮಿ ಎಂಬ ಹುಡುಗಿಯ ಉತ್ತರ ಸಾವಿರದ ತೊಂಬತ್ತನಾಲ್ಕು ಬಂದಿತ್ತು. ನಾಚಿಕೆಯಿಂದ ಅದರ ಮೇಲೆ ಅಂಗೈ ಮುಚ್ಚಿಕೊಂಡು ನಿಂತಿದ್ದಳು. ಮೇಷ್ಟ್ರು ಕೈ ಸರಿಸಿ ನೋಡಿದರು, ಚಪ್ಪಲಿಯಲ್ಲಿ ನಾಲ್ಕು ತಾಳ ಹಾಕಿದರು.

"ಇಪ್ಪತ್ತು ಸಲ ತೂಗ್ತು ಅಂತ ಬರ್ದಿದೀಯ. ತೂಗಿರದು ಹತ್ತೊಂಬತ್ತೇ ಕಣವ್ವ. ಗುಂಡು ಬುಟ್ಟೇಟ್ಗೆ ಒಂದು ಅಂದ್ಬುಟ್ಟಿದೀಯ."

"ಆಗ ನೀವು ಇಲ್ಲಿರ್ಲೇ ಇಲ್ವಲ್ಲ ಸಾ. ಹೆಂಗ್ ಗೊತ್ತಾಯ್ತು?"

"ನಿನ್ ಉತ್ತರವೇ ಹೇಳ್ತಲ್ಲ. ಒಂದ್ ಎಣಿಕೆ ಹೆಚ್ಚಾದ್ರೆ ಸರಿಯಾಗಿ ಇಷ್ಟೇ ಏರ್ತದೆ. ಇದು ತುಮಕೂರಿಗೆ ಹೋಯ್ತದೆ ನೋಡ್ತಿರು. ದೊಡ್ ದೊಡ್ಡೋರೆಲ್ಲ ನೋಡ್ತಾರೆ."

ತುಮಕೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧನೆಯ ಸಮ್ಮೇಳನ ನಡೆಯುವುದಿತ್ತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಕ್ಕಳು ಬಂದದ್ದನ್ನು ಬಂದಂತೆ ಬರೆದರೆ, ಉತ್ತರ ತಪ್ಪಿದ್ದರೂ ಅಂಕ ಕೊಡಬೇಕು ಎಂಬುದು ಮೇಷ್ಟ್ರ ಕೋರಿಕೆ. ಅದಕ್ಕಾಗಿ ಅವರು ಇಲಾಖೆಗೆ ಬರೆದ ಕಾಗದಗಳಿಗೆ ಉತ್ತರ ಬಂದಿರಲಿಲ್ಲ. "ಹತ್ತು ವರ್ಷದಿಂದ ಕೇಳ್ತಿದೀನಿ. ಈ ಸಲ ಹದಿನೈದು ನಿಮಿಷ ಕೊಟ್ಟವ್ರೆ ಕಣಮ್ಮ," ಎಂದು ನನಗೆ ಪತ್ರ ತೋರಿಸಿದರು. ಮಡಿಸಿ ಬಿಚ್ಚಿ ಆ ಪತ್ರ ಆಗಲೇ ಮೆತ್ತಗಾಗಿತ್ತು. ನಲವತ್ತೆರಡು ಮಕ್ಕಳ ಉತ್ತರಗಳಿದ್ದ ನೋಟ್‌ಬುಕ್ಕನ್ನು ನನಗೆ ಕೊಟ್ಟು, ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಬರೆಯಲು ಹೇಳಿದರು. "ಇದ್ದಿದ್ದು ಇದ್ದಂಗೇ ಬರಿ. ಕೆಳಗಡೆ ನಿನ್ ಹೆಸರೂ ಹಾಕು."

ಇಲ್ಲಿಂದ ಮುಂದೆ ನನ್ನ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು. ಸಮ್ಮೇಳನದ ಹಿಂದಿನ ದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬರೆಯಲು ಕೂತೆ. ಹೋಗುವುದನ್ನು ಒಂದು, ಬರುವುದನ್ನು ಇನ್ನೊಂದು ಎಂದು ಎಣಿಸಿದ್ದ ಒಬ್ಬ ಹುಡುಗನ ಉತ್ತರ ಮೂರು ಸಾವಿರದ ಒಂಬೈನೂರ ನಲವತ್ತೆಂಟು. ಅದನ್ನು ಬರೆಯಲು ಕೈ ಬರಲಿಲ್ಲ. ಆಗ ಹೆಡ್ಮಾಸ್ಟರು ಒಳಗೆ ಬಂದು, ಬಗ್ಗಿ ನೋಡಿ, "ಏನಮ್ಮಾ ಇದು, ಸ್ಕೂಲಿನ ಮಾನ ತೆಗೀತೀರಾ? ಒಸಿ ಅಡ್ಜಸ್ಟ್ ಮಾಡಮ್ಮ," ಎಂದರು. ಅಂದರು ಎಂದೇ ನಾನು ಎಲ್ಲರಿಗೂ ಹೇಳಿದ್ದೇನೆ. ಆದರೆ ಅವರು ಬಂದಾಗ ಎಲ್ಲಿ ನಿಂತರು, ಯಾವ ಬಣ್ಣದ ಕೋಟು ಹಾಕಿದ್ದರು, ಏನೂ ಕಾಣುವುದಿಲ್ಲ. ಮಾತು ಮಾತ್ರ ಕೇಳುತ್ತದೆ.

ಅವರು ಅಂದಿರಲಿ ಬಿಡಲಿ, ಬರೆದದ್ದು ನಾನು. ಚಾರ್ಟಿನ ಕೆಳಗೆ ನನ್ನ ಹೆಸರಿತ್ತು. ನಮ್ಮ ಬಿ.ಎಡ್. ಕಾಲೇಜಿನ ಉಪನ್ಯಾಸಕರು ಅಲ್ಲಿಗೆ ಬರುವವರಿದ್ದರು. ಹಳ್ಳಿಯ ಮೇಷ್ಟ್ರನ್ನು ನೋಡಿ ನಗುತ್ತಾರೆ ಎಂಬ ಭಯವೂ ಇತ್ತು. ಆ ಭಯ ಅವರ ಪರವಾಗಿ ಹುಟ್ಟಿದ್ದೋ ನನ್ನ ಪರವಾಗಿಯೋ ವಿಂಗಡಿಸಲಾರೆ. ಮೂರು ಸಾವಿರದವನನ್ನು ಸರಿಮಾಡಿದೆ. ಆಮೇಲೆ ಪಕ್ಕದ ಸಾವಿರದ ಚಿಲ್ಲರೆಗಳು ಕಣ್ಣಿಗೆ ಹೊಡೆಯತೊಡಗಿದವು. ಎಲ್ಲದಕ್ಕೂ ಒಂಬೈನೂರ ಎಂಬತ್ತೇ ಹಾಕಬಾರದು, ಅನುಮಾನ ಬರುತ್ತದೆ. ಒಂದಕ್ಕೆ ಎಪ್ಪತ್ತೇಳು, ಒಂದಕ್ಕೆ ಎಂಬತ್ತೇಳು. ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಹದಿನೇಳನೆಯ ಸಾಲು ಪುಟ್ಟಲಕ್ಷ್ಮಿಯದು. ಒಂಬೈನೂರ ಎಪ್ಪತ್ತೇಳು ಎಂದು ಬರೆದೆ.

ಬೆಳಗ್ಗೆ ಕಾಲೇಜಿನ ಗೇಟಿನ ಹತ್ತಿರ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ಕಾಯುತ್ತಿದ್ದರು. ಸುರುಳಿ ಸುತ್ತಿದ ಚಾರ್ಟನ್ನು ಕೊಡುತ್ತ, "ಒಂದ್ಸಲ ಬಿಚ್ಚಿ ನೋಡಿ ಸಾರ್," ಎಂದೆ. ಹೇಳಿಬಿಡಲು ಅದೇ ಸಮಯ ಎಂದುಕೊಂಡಿದ್ದೆ. "ನೀನ್ ಬರ್ದ್ ಮೇಲೆ ನೋಡದೇನಮ್ಮ," ಎಂದು ಕಂಕುಳಲ್ಲಿ ಇಟ್ಟುಕೊಂಡರು.

ನಾನು ಕಂಡ ಮೊದಲ ಸಮ್ಮೇಳನ ಅದು. ಎದೆಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡ ಹೆಸರಿನ ಚೀಟಿ, ಒಂದು ರಟ್ಟಿನ ಫೈಲು, ಆರಿದ ಉಪ್ಪಿಟ್ಟು. ಒಬ್ಬರಾದ ಮೇಲೊಬ್ಬರು ಇಂಗ್ಲಿಷಿನಲ್ಲಿ ಪ್ರಬಂಧ ಓದಿದರು. ಮಕ್ಕಳು ವಿಜ್ಞಾನವನ್ನು ಕೈಯಾರೆ ಮಾಡಿ ಕಲಿಯಬೇಕು ಎಂದು ಎಲ್ಲರೂ ಕಾಗದ ನೋಡಿಕೊಂಡೇ ಓದಿದರು. ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಸಭೆ ತೂಕಡಿಸುತ್ತಿತ್ತು. ಆಗ ಮೇಷ್ಟ್ರ ಹೆಸರು ಕರೆದರು. ಹದಿನೈದು ನಿಮಿಷ ಏಳಕ್ಕೆ ಇಳಿದಿತ್ತು.

ಅವರು ಚಾರ್ಟಿನ ಮೇಲಂಚನ್ನು ಕರಿಹಲಗೆಗೆ ಪಿನ್ನು ಚುಚ್ಚಿ, ಸುರುಳಿಯನ್ನು ಇಳಿಬಿಟ್ಟು, ತಕ್ಷಣ ಸಭೆಯ ಕಡೆ ತಿರುಗಿ ಕನ್ನಡದಲ್ಲೇ ಶುರು ಮಾಡಿದರು.

"ಸಾರ್, ನಮ್ ಮಕ್ಳು ತಪ್ ಮಾಡವ್ರೆ. ಆ ತಪ್ಪುಗಳನ್ನ ನಿಮಗೆ ತೋರ್ಸಣ ಅಂತ ಬಂದಿದೀನಿ. ಮೊದ್ಲು ಈ ಹದಿನೇಳನೇ ಮಗು ನೋಡಿ."

ಎಂದು ಕೈಯಲ್ಲಿದ್ದ ಕೋಲನ್ನು ಹದಿನೇಳರ ಮೇಲೆ ಇಟ್ಟು ತಿರುಗಿ ನೋಡಿದರು.

ಕೋಲು ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಮೇಲಿಂದ ಕೆಳಗೆ, ಒಂದರಿಂದ ನಲವತ್ತೆರಡರವರೆಗೂ ಇಳಿಯಿತು. ಅಧ್ಯಕ್ಷ ಕುರ್ಚಿಯಲ್ಲಿದ್ದ ಹಿರಿಯರು ಕನ್ನಡಕ ಏರಿಸಿಕೊಂಡು, "ತಪ್ಪೆಲ್ಲಿದೆ ಮೇಷ್ಟ್ರೇ? ಎಕ್ಸಲೆಂಟ್ ರೀಡಿಂಗ್ಸ್! ಗುಬ್ಬಿ ಮಕ್ಕಳು ನಮ್ಮ ಡಿಗ್ರಿ ಹುಡುಗರಿಗಿಂತ ವಾಸಿ," ಎಂದರು. ಜನ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ನಮ್ಮ ಉಪನ್ಯಾಸಕರು ನನ್ನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು.

ನಿಜವಾದ ನೋಟ್‌ಬುಕ್ಕು ನನ್ನ ಬ್ಯಾಗಿನಲ್ಲಿತ್ತು. ಎದ್ದು ಹೋಗಿ ಕೊಡಲು ಇನ್ನೂ ಐದು ನಿಮಿಷ ಉಳಿದಿತ್ತು. ನಾನು ಏಳಲಿಲ್ಲ. ಆ ಹೊತ್ತಿನಲ್ಲಿ ಮೇಷ್ಟ್ರು ನನ್ನನ್ನು ನೋಡಿದರೇ? ಕೆಲವು ವರ್ಷ ಅವರು ನೋಡಿದಂತೆ ನೆನಪಿರುತ್ತಿತ್ತು, ಕೆಲವು ವರ್ಷ ಅವರು ಕಿಟಕಿಯ ಕಡೆ ನೋಡುತ್ತಿದ್ದಂತೆ.

"ಎಣಿಕೆ ಸೊನ್ನೆಯಿಂದ ಶುರು ಮಾಡ್ಬೇಕು ಸಾರ್. ಅಷ್ಟೇಯ," ಎಂದು ಕೈಮುಗಿದು ಬಂದು ಕೂತರು.

ಸಂಜೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ನಡೆದೆ. ಗುಬ್ಬಿ ಬಸ್ಸು ಬಂದಾಗ, "ಆ ನೋಟ್‌ಬುಕ್ ಕೊಡಮ್ಮ," ಎಂದರು. ಕೊಟ್ಟೆ. ಚಾರ್ಟನ್ನು ನನ್ನ ಕೈಗಿಟ್ಟು, "ಇದ ನೀನೇ ಮಡಿಕೊ. ಬರವಣಿಗೆ ದುಂಡಗದೆ," ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಸುಸ್ತು ಇತ್ತು.

ಸೋಮವಾರ ಕ್ಲಾಸಿಗೆ ಕಾಲಿಡುವ ಮೊದಲೇ ಪುಟ್ಟಲಕ್ಷ್ಮಿ ಬಾಗಿಲಲ್ಲಿ ಅಡ್ಡ ನಿಂತಳು. "ಸಾ, ನಂದ ನೋಡುದ್ರಾ ಸಾ ತುಮಕೂರಲ್ಲಿ?"

ನಾನು ಮೇಷ್ಟ್ರ ಹಿಂದೆಯೇ ಇದ್ದೆ.

"ನೋಡುದ್ರು ಕಣವ್ವ. ಎಲ್ರೂ ನೋಡುದ್ರು. ನಿಂದನ್ನೇ ಮೊದ್ಲು ನೋಡುದ್ರು."

ಅವರು ಇಲ್ಲದ್ದನ್ನು ಇದೆ ಎಂದು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನ ತರಬೇತಿ ಮುಗಿದು ಅಂಕಗಳು ಬಂದಾಗ ಅವರು ಹೆಚ್ಚೂ ಕೊಟ್ಟಿರಲಿಲ್ಲ, ಕಡಿಮೆಯೂ ಕೊಟ್ಟಿರಲಿಲ್ಲ.

ಕೊನೆಯ ಸಲ ನೋಡಿದ್ದು ಕುಣಿಗಲ್ಲಿನಲ್ಲಿ, ಎಂಬತ್ತರ ದಶಕದ ನಡುವೆ. ಅಷ್ಟರಲ್ಲಿ ನಾನೂ ಟೀಚರಾಗಿದ್ದೆ, ಪರೀಕ್ಷೆಯ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದೆ. ದಿನವಿಡೀ ಮಕ್ಕಳ ರೆಕಾರ್ಡುಗಳನ್ನು ತಿರುವಿ ಹಾಕಿ, ಎಲ್ಲದರಲ್ಲೂ ಒಂಬೈನೂರ ಎಂಬತ್ತು ನೋಡಿ, ಎಲ್ಲದಕ್ಕೂ ಸಹಿ ಹಾಕಿ ಬಸ್‌ಸ್ಟ್ಯಾಂಡಿಗೆ ಬಂದರೆ ಕಲ್ಲುಬೆಂಚಿನ ಮೇಲೆ ಮೇಷ್ಟ್ರು. ರಿಟೈರ್ ಆಗಿ, ಮಾರ್ಕೋನಹಳ್ಳಿ ಕಡೆ ಮಗಳ ಮನೆಯಲ್ಲಿದ್ದಾರಂತೆ. ಗುರುತು ಹಿಡಿದರು. ಪಕ್ಕದಲ್ಲಿ ಕೂರಿಸಿಕೊಂಡು, ಮಕ್ಕಳೆಷ್ಟು, ಯಾವ ಊರಿನಲ್ಲಿ ಕೆಲಸ ಎಂದೆಲ್ಲ ಕೇಳಿದರು. ನಾನು ಧೈರ್ಯ ಮಾಡಿ, "ಸಾರ್, ಆ ಚಾರ್ಟು..." ಎಂದೆ.

"ಯಾವ್ ಚಾರ್ಟಮ್ಮ?" ಎಂದರು. ಮರೆತು ಕೇಳಿದರೋ, ಬೇಡ ಎಂಬುದಕ್ಕೆ ಹಾಗೆ ಕೇಳಿದರೋ. ನಾನು ಮುಂದುವರಿಸುವಷ್ಟರಲ್ಲಿ ಅವರೇ, "ಪುಟ್ಟಲಕ್ಷ್ಮಿ ಈಗ ನರ್ಸು ಕಣಮ್ಮ. ನಾಡಿ ಎಣಿಸ್ವಾಗ ಈಗ್ಲೂ ಸೊನ್ನೆಯಿಂದ್ಲೇ ಶುರು ಮಾಡ್ತಾಳಂತೆ," ಎಂದರು. ಬಸ್ಸು ಬಂತು. ಹತ್ತಲು ಕೈ ಕೊಟ್ಟೆ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಅವರು ಹೋದ ಸುದ್ದಿ ಬಂತು.

ಆ ನರ್ಸಿನ ಮಾತು ಎಷ್ಟು ಸರಿಯಾಗಿ ಕೂಡಿಕೊಂಡಿದೆ ಎಂದರೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಇಲ್ಲ. ಹೊಂದದ ಅಂಕಿಯನ್ನು ಹೊಂದಿಸುವುದು ನನಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಮೊದಲೇ ಹೇಳಿದೆನಲ್ಲ.

ಚಾರ್ಟು ಇನ್ನೂ ನನ್ನ ಹತ್ತಿರ ಇದೆ. ಅಂಚು ಹಳದಿಯಾಗಿದೆ, ಬರವಣಿಗೆ ಹಾಗೇ ಇದೆ. ನೋಟ್‌ಬುಕ್ಕು ಅವರ ಜೊತೆ ಹೋಯಿತು. ಆವತ್ತು ಒಂಬತ್ತು ಸಾಲು ತಿದ್ದಿದೆನೋ ಹನ್ನೊಂದೋ ನೆನಪಿಲ್ಲ. ಅದನ್ನು ಬಿಡಿಸಿಕೊಂಡು ನೋಡುತ್ತೇನೆ. ಹದಿನೇಳನೆಯದೊಂದನ್ನು ಬಿಟ್ಟು, ನಲವತ್ತೆರಡರಲ್ಲಿ ಯಾವುವು ಆ ಮಕ್ಕಳವು, ಯಾವುವು ನನ್ನವು ಎಂದು ನನಗೇ ಗೊತ್ತಿಲ್ಲ. ತಿದ್ದಿದ್ದು ನಾನೇ ಎಂದು ಮೇಷ್ಟ್ರಿಗೆ ಗೊತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ.