ಮನೆ ಈಗತಾನೇ ಹೋಯಿತು

ಕನ್ನಡ ಬಾರದವರ ಎದುರಿಗೆ ಕನ್ನಡದಲ್ಲಿ ಮಾತಾಡುವುದರಲ್ಲಿ ಒಂದು ಸುಖವಿದೆ. ನ್ಯೂಜೆರ್ಸಿಯಲ್ಲಿರುವ ನಮಗೆಲ್ಲ ಅದು ಗೊತ್ತು. ಬಟ್ಟೆ ಅಂಗಡಿಯ ಹುಡುಗಿಯ ಮುಂದೆಯೇ ‘ಬೇಡ ಕಣ್ರೀ, ಹಗಲು ದರೋಡೆ’ ಎನ್ನಬಹುದು. ಎಲಿವೇಟರಿನಲ್ಲಿ ಪಕ್ಕದವರ ಸೆಂಟಿನ ಘಾಟಿನ ಬಗ್ಗೆ ನಗಬಹುದು. ಯಾರಿಗೂ ತಿಳಿಯುವುದಿಲ್ಲ.

ತಿಳಿಯುವುದಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ.

ನನ್ನ ಕೆಲಸ ಹೋಗಿ ಆರು ತಿಂಗಳಾಯಿತು. (ಈ ವರ್ಷ ಕೆಲಸ ಹೋಗದವರನ್ನು ಹುಡುಕಿ ಶಾಲು ಹೊದಿಸಬೇಕು.) ಇನ್ಶೂರೆನ್ಸ್ ಕಂಪನಿಯವರು ಕೈಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟು ಕಳಿಸಿದರು. ಮನೆಯಲ್ಲೇ ಕೂತರೆ ತಲೆ ಕೆಡುತ್ತದೆಂದು ಈಸ್ಟ್ ಬ್ರನ್ಸ್‌ವಿಕ್ ಹತ್ತಿರದ ಒಂದು ಲೈಬ್ರರಿಯಲ್ಲಿ ಶನಿವಾರದ ವಾಲಂಟಿಯರ್ ಆದೆ. ಹೊಸದಾಗಿ ಈ ದೇಶಕ್ಕೆ ಬಂದವರಿಗೆ ಸಲಹೆ ಕೊಡುವುದು ನನ್ನ ಪಾಲಿನ ಕೆಲಸ. ಸಲಹೆ ಕೊಡಲು ಕೆಲಸವಿಲ್ಲದವರಿಗಿಂತ ಅರ್ಹರು ಬೇಕೆ?

ಅಲ್ಲಿಗೆ ಬಂದವಳು ಇಫೋಮಾ. ನೈಜೀರಿಯಾದ ಎನುಗು ಎಂಬ ಊರಿನವಳು. ಅಲ್ಲಿನ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಗಂಡ ಎಮೆಕಾ ಗಣಿತದ ಮೇಷ್ಟ್ರು. ಇಬ್ಬರು ಹೆಣ್ಣುಮಕ್ಕಳು. ಅಮೆರಿಕದ ಬ್ಯಾಂಕುಗಳೆಲ್ಲ ಮುಳುಗುತ್ತಿದ್ದ ಹೊತ್ತಿಗೆ ಸರಿಯಾಗಿ ಇವರಿಗೆ ಗ್ರೀನ್ ಕಾರ್ಡ್ ಲಾಟರಿ ಹೊಡೆದಿತ್ತು. ನೆವಾರ್ಕಿನಲ್ಲಿ ಕಸಿನ್ ಒಬ್ಬನ ಮನೆಯ ಒಂದೇ ರೂಮಿನಲ್ಲಿ ನಾಲ್ವರೂ ಇದ್ದರು.

ನಾನು ಹೇಳಿದೆ: ಮೊದಲು ಸೋಶಿಯಲ್ ಸೆಕ್ಯುರಿಟಿ ನಂಬರ್ ಮಾಡಿಸಿ. ಆಮೇಲೆ ಬ್ಯಾಂಕ್ ಅಕೌಂಟ್. ಚಳಿಗೆಂದು ಒಂದೇ ದಪ್ಪ ಕೋಟಿಗೆ ದುಡ್ಡು ಸುರಿಯಬೇಡಿ, ತೆಳ್ಳಗಿನ ಮೂರು ಬಟ್ಟೆ ಒಂದರ ಮೇಲೊಂದು ಹಾಕಿ. ನರ್ಸ್ ಲೈಸೆನ್ಸ್ ಪರೀಕ್ಷೆಗೆ ಬೇಕಾದ ಅಂಕಪಟ್ಟಿಗಳನ್ನು ಇವತ್ತೇ ಊರಿನಿಂದ ತರಿಸಲು ಶುರುಮಾಡಿ, ಅಲ್ಲಿಯವರೆಗೆ ಆಯಾ ಕೆಲಸವಾದರೂ ಸೈ. ಬಣ್ಣ ನೋಡಿ ಯಾರಾದರೂ ಬಾಡಿಗೆ ಮನೆ ಕೊಡದಿದ್ದರೆ ಅದು ಅಪರಾಧ, ದೂರು ಕೊಡಿ.

ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೊನೆಯದಕ್ಕೆ ಅಡಿಗೆರೆ ಎಳೆದಳು.

ಎರಡೇ ವಾರದಲ್ಲಿ ನಮ್ಮ ಕಡೆಯ ಒಂದು ವೃದ್ಧಾಶ್ರಮದಲ್ಲಿ ಅವಳಿಗೆ ಆಯಾ ಕೆಲಸ ಸಿಕ್ಕಿತು. ಕಾರಿಲ್ಲ. ಬೆಳಗಿನ ಶಿಫ್ಟಿಗೆ ಬಸ್ಸಿಲ್ಲ. ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಬೇಕು. ತಕ್ಷಣ ನನಗೆ ನೆನಪಾದವರು ಶ್ರೀಧರಣ್ಣ.

ಶ್ರೀಧರಣ್ಣ ನಮ್ಮ ಮೈಸೂರಿನವರು. ಬಲು ಒಳ್ಳೆಯವರು. (ವ್ಯಂಗ್ಯವಲ್ಲ, ನಿಜವಾಗಿ ಹೇಳುತ್ತಿದ್ದೇನೆ.) ನಾವು ಬಂದ ಹೊಸದರಲ್ಲಿ ಮನೆ ಹುಡುಕಲು ಫೋರ್ಟ್ ಲೀ ಎಂಬ ಊರಿನ ಬೀದಿಬೀದಿ ಸುತ್ತಿಸಿದ್ದು ಅವರ ಕಾರು. ಒಬ್ಬ ಮನೆಯೊಡತಿ ನನ್ನ ಗಂಡನ ಹೆಸರು ಇಮ್ತಿಯಾಜ್ ಎಂದು ಕೇಳಿದ್ದೇ ತಡ, ‘ಮನೆ ಈಗತಾನೇ ಹೋಯಿತು’ ಅಂದಳು. ನಾವಿಬ್ಬರೂ ಸುಮ್ಮನೆ ಬಂದು ಕಾರು ಹತ್ತಿದೆವು. ವಾಪಸ್ ಹೋಗಿ ಅವಳ ಬಾಗಿಲಲ್ಲಿ ನಿಂತು ಕೂಗಾಡಿದವರು ಶ್ರೀಧರಣ್ಣ. ಈಗ ಇಮ್ತಿಯಾಜ್ ಮಾಡುತ್ತಿರುವ ಕಾಂಟ್ರಾಕ್ಟ್ ಕೆಲಸ ಕೂಡ ಅವರ ಭಾವಮೈದುನನ ಕಂಪನಿಯಲ್ಲಿ, ಅವರ ಶಿಫಾರಸಿನಿಂದಲೇ ಸಿಕ್ಕಿದ್ದು.

ಬ್ಯಾಂಕಿನಲ್ಲಿದ್ದ ಶ್ರೀಧರಣ್ಣನ ಕೆಲಸವೂ ಹೋಗಿತ್ತು. ಬಾಡಿಗೆಗೆಂದು ಕೊಂಡಿದ್ದ ಫ್ಲ್ಯಾಟು, ಇಲ್ಲಿಯವರ ಮಾತಿನಲ್ಲಿ ಕಾಂಡೋ, ನಾಲ್ಕು ತಿಂಗಳಿಂದ ಖಾಲಿ. ‘ಯಾರಾದ್ರೂ ಇದ್ರೆ ಹೇಳಮ್ಮಾ’ ಎಂದು ಸಿಕ್ಕಾಗಲೆಲ್ಲ ಅನ್ನುತ್ತಿದ್ದರು. ಫೋನ್ ಮಾಡಿ ಹೇಳಿದೆ: ಹೆಂಡತಿ ನರ್ಸ್, ಗಂಡ ಮೇಷ್ಟ್ರು, ಇಬ್ಬರು ಮಕ್ಕಳು, ಗಲಾಟೆಯಿಲ್ಲದ ಜನ.

‘ದೇವ್ರು ಕಳ್ಸಿದ ಹಾಗಾಯ್ತು ನಸೀಮಾ. ಭಾನುವಾರ ಕರ್ಕೊಂಡ್ ಬಾ.’

ಕರೆದುಕೊಂಡು ಹೋದೆ. ಎಮೆಕಾ ಟೈ ಕಟ್ಟಿದ್ದ. ಮಕ್ಕಳಿಬ್ಬರಿಗೂ ಚರ್ಚಿಗೆ ಹಾಕುವ ಬಿಳಿ ಫ್ರಾಕು. ಶ್ರೀಧರಣ್ಣ ನಗುನಗುತ್ತಲೇ ಕಾಂಡೋ ಬಾಗಿಲು ತೆಗೆದರು. ನನ್ನ ಹಿಂದಿದ್ದವರನ್ನು ನೋಡಿದರು. ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಬೇರೆಯಾಯಿತು. ಎಲ್ಲರಿಗೂ ಶೇಕ್‌ಹ್ಯಾಂಡ್ ಕೊಟ್ಟರು. ಆಮೇಲೆ ಹವಾಮಾನದ ಬಗ್ಗೆ ಹೇಳುವಷ್ಟೇ ಸಮಾಧಾನದಿಂದ, ಕನ್ನಡದಲ್ಲಿ, ನನಗೆ ಹೇಳಿದರು:

‘ಅಲ್ಲಮ್ಮಾ, ನರ್ಸ್ ಅಂದ್ಯಲ್ಲ, ಕೇರಳದವ್ರು ಅಂದ್ಕೊಂಡೆ. ಇವ್ರು ಅಂತ ಒಂದು ಮಾತು ಹೇಳ್ಬಾರ್ದಾಗಿತ್ತಾ? ಮೊದ್ಲೇ ಕಾಂಡೋ ರೇಟು ಬಿದ್ದೋಗಿದೆ. ಅಕ್ಕಪಕ್ಕದೋರು ಏನಂತಾರೆ? ನೀನೇ ಏನಾದ್ರೂ ಹೇಳಿ ಕಳ್ಸು.’

ನಾನೂ ಫೋರ್ಟ್ ಲೀ ಬಾಗಿಲಿನ ಎದುರು ನಿಂತವಳಲ್ಲವೇ? ಆವತ್ತು ಅವರು ಕೂಗಾಡಿದಂತೆ ಇವತ್ತು ನಾನು ಕೂಗಾಡಬಹುದಿತ್ತು. ಕೂಗಾಡಲಿಲ್ಲ. ‘ಆಯ್ತು ಶ್ರೀಧರಣ್ಣ’ ಅಂದೆ. ಅಷ್ಟೇ ಅಂದೆ.

ಕಾರಿನಲ್ಲಿ ಇಫೋಮಾ ಕೇಳಿದಳು, ‘ಏನಂದರು?’

‘ಮನೆ ಈಗತಾನೇ ಹೋಯಿತಂತೆ.’

ಇಷ್ಟು ಸಲೀಸಾಗಿ ಆ ಮಾತು ನನ್ನ ಬಾಯಿಂದ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಹಿಂದಿನ ಸೀಟಿನಿಂದ ಚಿಕ್ಕ ಮಗಳು ಅಂದಳು, ‘ಆದರೆ ಅಮ್ಮ, ಬಾಡಿಗೆಗಿದೆ ಅನ್ನುವ ಬೋರ್ಡು ಇನ್ನೂ ಕಿಟಕಿಯಲ್ಲೇ ಇದೆಯಲ್ಲ?’

‘ತೆಗೆಯಲು ಮರೆತಿರುತ್ತಾರೆ’ ಅಂದಳು ಇಫೋಮಾ. ನನ್ನ ಮುಖ ನೋಡಲಿಲ್ಲ. ನನ್ನ ಮಾನ ಉಳಿಸಿದವಳು ಅವಳು.

ಮುಂದಿನ ಶನಿವಾರ ಲೈಬ್ರರಿಗೆ ಒಂದು ಫಾರ್ಮ್ ತಂದಳು. ಮನೆ ನಿರಾಕರಿಸಿದ್ದರ ಬಗ್ಗೆ ಸರ್ಕಾರಕ್ಕೆ ಕೊಡುವ ದೂರು. ನಾನು ಹೇಳಿಕೊಟ್ಟಂತೆಯೇ ತುಂಬಿದ್ದಳು. ಸಾಕ್ಷಿಯ ಜಾಗ ಖಾಲಿ.

‘ನಿಮ್ಮ ಭಾಷೆ ನನಗೆ ಬರುವುದಿಲ್ಲ. ಆದರೆ ನಮ್ಮ ದೇಶದ ಲಾಗೋಸಿನಲ್ಲಿ ಬೇರೆ ಕುಲದವರ ಹತ್ತಿರ ಮನೆ ಕೇಳಿದವಳು ನಾನು. ಆ ಮುಖ ನನಗೆ ಗೊತ್ತು. ಅವರು ಏನಂದರೋ ಅದನ್ನು ಬರೆದು ಸಹಿ ಹಾಕಿ, ಸಾಕು.’

ಒಂದು ವಾರ ಟೈಮ್ ಕೇಳಿದೆ. ಮನೆಯಲ್ಲಿ ಇಮ್ತಿಯಾಜ್‌ಗೆ ಹೇಳಿದೆ. ‘ಮುಂದಿನ ತಿಂಗಳು ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು. ನಿನಗೂ ಕೆಲ್ಸ ಇಲ್ಲ. ನೀನೇ ಯೋಚ್ನೆ ಮಾಡು’ ಅಂದ. ಸಹಿ ಹಾಕಬೇಡ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಾಕುತ್ತಿದ್ದೆನೇನೋ. ತಪ್ಪನ್ನು ಗಂಡನ ತಲೆಗೆ ಕಟ್ಟುವ ಅವಕಾಶವೂ ಸಿಗಲಿಲ್ಲ ನನಗೆ.

ಶನಿವಾರ ಇಫೋಮಾಗೆ ಹೇಳಿದೆ, ‘ಆವತ್ತು ಅವರು ಏನಂದರೋ ನನಗೆ ಸರಿಯಾಗಿ ಕೇಳಿಸಲಿಲ್ಲ.’

ಕನ್ನಡ! ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಕನ್ನಡ, ಎರಡು ಅಡಿ ದೂರದಿಂದ ಆಡಿದ್ದು, ಕೇಳಿಸಲಿಲ್ಲವಂತೆ!

ಅವಳು ಫಾರ್ಮನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ‘ಪರವಾಗಿಲ್ಲ, ನಿಮಗೂ ಸಂಸಾರವಿದೆ’ ಅಂದಳು. ಬೈದಿದ್ದರೆ ಹಗುರವಾಗುತ್ತಿತ್ತು.

ನಮಗಾದ ಅವಮಾನಗಳನ್ನು ನಾವು ಎಷ್ಟು ಜೋಪಾನ ಮಾಡುತ್ತೇವೆ ನೋಡಿ. ಫೋರ್ಟ್ ಲೀ ಕಥೆಯನ್ನು ನಮ್ಮವರ ಎಷ್ಟು ಪಾಟ್‌ಲಕ್ ಊಟಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಆ ಹೆಂಗಸಿನ ದನಿಯನ್ನು ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೇನೆ. ಬಣ್ಣಭೇದ ಅಂದರೆ ಬಿಳಿಯರು ನಮಗೆ ಮಾಡುವುದು ಎಂದೇ ನಮ್ಮ ನಂಬಿಕೆ. ನಾವು ಮಾಡಿದರೆ? ಅದು ಕಾಂಡೋ ರೇಟಿನ ಚಿಂತೆ. ಕಾಂಟ್ರಾಕ್ಟ್ ಚಿಂತೆ.

ಕಾಂಟ್ರಾಕ್ಟ್ ರಿನ್ಯೂ ಆಯಿತು. ಶ್ರೀಧರಣ್ಣನ ಕಾಂಡೋ ಇನ್ನೂ ಖಾಲಿಯಿದೆ. ಇಫೋಮಾಗೆ ಅವಳ ಚರ್ಚಿನವರೊಬ್ಬರು ಮನೆ ಕೊಡಿಸಿದರು. ಕೆಲಸದ ಜಾಗಕ್ಕೆ ನಲವತ್ತು ನಿಮಿಷದ ನಡಿಗೆ. ಹಿಮ ಬಿದ್ದರೆ ಒಂದು ಗಂಟೆ. ಆ ದಾರಿಯಲ್ಲಿ ಫುಟ್‌ಪಾತ್ ಇಲ್ಲ. ಅಲ್ಲಿ ಕಾರು ಓಡಿಸುವಾಗೆಲ್ಲ ನನ್ನ ಕಣ್ಣು ರಸ್ತೆಯಂಚಿಗೆ ಹೋಗುತ್ತದೆ.

ಹೋದ ವಾರ ಅವಳೇ ಲೈಬ್ರರಿಗೆ ಬಂದಳು. ಜೊತೆಗೆ ಇನ್ನೊಬ್ಬ ಹೆಂಗಸು. ನೈಜೀರಿಯಾದಿಂದ ಬಂದು ಹತ್ತು ದಿನವಾಗಿತ್ತಂತೆ, ಕೈಯಲ್ಲಿ ಹೊಸ ನೋಟ್‌ಬುಕ್ಕು. ಇಫೋಮಾ ನನ್ನ ಹೆಗಲ ಮೇಲೆ ಕೈಯಿಟ್ಟು ಪರಿಚಯ ಮಾಡಿಸಿದಳು. ದನಿಯಲ್ಲಿ ಕೊಂಕಿರಲಿಲ್ಲ.

‘ಇವರು ನಸೀಮಾ. ಒಳ್ಳೆಯವರು. ಬ್ಯಾಂಕು, ಲೈಸೆನ್ಸು, ಮಕ್ಕಳ ಸ್ಕೂಲು, ಏನು ಬೇಕಾದರೂ ಕೇಳು, ಎಲ್ಲ ಗೊತ್ತು ಇವರಿಗೆ. ಮನೆ ಮಾತ್ರ ಕೇಳಬೇಡ.’

ಇಷ್ಟು ಉಪಯೋಗಕ್ಕೆ ಬರುವ ಸಲಹೆಯನ್ನು ನಾನಂತೂ ಆ ಲೈಬ್ರರಿಯಲ್ಲಿ ಯಾರಿಗೂ ಕೊಟ್ಟಿಲ್ಲ.