ಬೆಣೆಯ ಮೇಲೆ ನಿಂತ ಗಾಜು

ನನ್ನ ಪಿಕಪ್ ಗಾಡಿಯ ಎಡಬಾಗಿಲಿನ ಗಾಜು ಕೆಟ್ಟದ್ದು ಸರಿಯಾಗಿ ಹೆಂಡತಿಯನ್ನು ತವರಿನಿಂದ ಕರೆತರುವ ಹಿಂದಿನ ದಿನ. ಹಿರಿಯೂರಿನಲ್ಲಿ ಕುರಿ ಇಳಿಸಿ, ಗಾಜು ಏರಿಸಲು ಗುಂಡಿ ಒತ್ತಿದೆ. ಬಾಗಿಲೊಳಗೆ ಟಣ್ ಎಂದಿತು, ಗಾಜು ಸರ್ರನೆ ಇಳಿದು ಒಳಗೆ ಕೂತುಬಿಟ್ಟಿತು. ಆಮೇಲೆ ಎಷ್ಟು ಒತ್ತಿದರೂ ಮೋಟಾರು ಗುಂಯ್ ಎನ್ನುತ್ತದೆಯೇ ಹೊರತು ಗಾಜು ಮೇಲೆ ಬರದು. ಸಿಟ್ಟಿಗೆ ಬಾಗಿಲಿಗೊಂದು ಗುದ್ದಿದೆ. ನೊಂದದ್ದು ನನ್ನ ಕೈಯೇ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಆದರೆ ಹೆಂಡತಿ ಬಾಣಂತಿ, ಮಗಳಿಗೆ ಇನ್ನೂ ಮೂರನೇ ತಿಂಗಳು. ಬಾಗೂರಿನ ನಮ್ಮತ್ತೆ ಬಾಣಂತಿಗೆ ಕಿಟಕಿ ಸಂದಿಯ ಗಾಳಿಯೂ ತಾಗಲು ಬಿಟ್ಟವರಲ್ಲ. ಫೋನಿನಲ್ಲೇ ಹೇಳಿದ್ದರು: “ಗಾಳಿ ಆಡೋ ಗಾಡೀಲಿ ನಾನು ಕಳ್ಸಲ್ಲ ಕಣಪ್ಪ. ಈ ಗುರುವಾರ ತಪ್ಪಿದ್ರೆ ಐದನೇ ತಿಂಗಳಿಗೇ.” ನಾಲ್ಕು ಸರಿಸಂಖ್ಯೆ, ಆ ತಿಂಗಳಲ್ಲಿ ನಮ್ಮ ಕಡೆ ಬಾಣಂತಿಯನ್ನು ಕಳಿಸುವುದಿಲ್ಲ.

ಐದನೇ ತಿಂಗಳಂತೆ! ಅವಳು ಏಳು ತಿಂಗಳ ಬಸುರಿಯಾಗಿ ಹೋದಾಗಿನಿಂದ ಮನೆಯಲ್ಲಿ ನಾನೊಬ್ಬನೇ. ಅಪ್ಪ ಅವ್ವ ಎಂದೋ ಹೋದವರು. ಸಂಜೆ ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಒಂದೇ ಮುದ್ದೆಗೆ ಹಿಟ್ಟು ತಿರುವಲು ನನಗೆ ಕೊನೆಗೂ ಬರಲಿಲ್ಲ. ಟಿವಿಯಲ್ಲಿ ಸುದ್ದಿ ಓದುವವಳಿಗೆ ಉತ್ತರ ಕೊಡುತ್ತಿದ್ದೆ ಎಂದರೆ ನೀವು ನಗುತ್ತೀರಿ, ನಗಿ. ನನಗೆ ಸಾಕುಸಾಕಾಗಿತ್ತು.

ಹಿರಿಯೂರಿನ ಮಿಸ್ತ್ರಿ ಬಾಗಿಲಿನ ಒಳಹಲಗೆ ಬಿಚ್ಚಿದ. ಗಾಜನ್ನು ಎಳೆಯುವ ಉಕ್ಕಿನ ತಂತಿ ಎಳೆಎಳೆಯಾಗಿ ಬಿಚ್ಚಿಕೊಂಡು ತುಂಡಾಗಿತ್ತು.

“ಮೋಟ್ರು ಚೆನ್ನಾಗೈತೆ ಅಣ್ಣ, ಕೇಬಲ್ ಹೋಗೈತೆ. ದುರ್ಗದಿಂದ ಸೆಟ್ಟೇ ತರಿಸ್ಬೇಕು. ಶನಿವಾರ ಬರ್ರಿ.”

“ಶನಿವಾರ ಬಂದು ನಿನ್ನ ಮಕ ನೋಡ್ಲಾ? ನಾಳೆ ಬಾಣಂತಿ ಕರ್ಕಂಡು ಬರ್ಬೇಕು ಕಣಯ್ಯ!”

“ಅದನ್ನ ಮೊದ್ಲೇ ಹೇಳಬಾರ್ದಾ?” ಎಂದು ನಕ್ಕ. ಇಬ್ಬರೂ ಗಾಜನ್ನು ಎರಡು ಕಡೆಯಿಂದ ಅಂಗೈಯಲ್ಲಿ ಒತ್ತಿ ಹಿಡಿದು ಮೇಲೆ ಎತ್ತಿದೆವು. ಅವನು ಮರದ ತುಂಡೊಂದನ್ನು ಕೆತ್ತಿ, ಬೆಣೆ ಮಾಡಿ ಗಾಜಿನ ಬುಡಕ್ಕೆ ಕೊಟ್ಟ. ಮೇಲೆ ಬೆರಳಗಲ ಸಂದಿ ಉಳಿಯಿತು. “ಗುಂಡಿ ಮುಟ್ಬ್ಯಾಡ್ರಿ. ಬಾಗ್ಲು ಮೆಲ್ಲಗೆ ಹಾಕ್ರಿ. ಧಡಾರ್ ಅನ್ಸಿದ್ರೆ ಬೆಣೆ ಜಾರತೈತೆ, ಆಮೇಲೆ ನನ್ನ ಬೈಬ್ಯಾಡ್ರಿ” ಎಂದ.

ಮರುದಿನ ಬಾಗೂರಿನಲ್ಲಿ ಅತ್ತೆ ಮೊದಲು ನೋಡಿದ್ದು ನನ್ನನ್ನಲ್ಲ, ಗಾಜನ್ನು. ಸಂದಿಗೆ ಅಂಗೈ ಹಿಡಿದು ತಲೆ ಅಲ್ಲಾಡಿಸಿದರು. ಒಳಗೆ ಹೋಗಿ ಕರಿಕಂಬಳಿ ತಂದು ಗಾಜು ಪೂರ್ತಿ ಮುಚ್ಚುವಂತೆ ಒಳಗಡೆಯಿಂದ ಕಟ್ಟಿ, “ಈಗ ಹೋಗ್ರಪ್ಪ” ಎಂದರು. ಒಂದೂವರೆಗೆ ರಾಹುಕಾಲ. ಹೆಂಡತಿ ಕೂಸನ್ನು ಎತ್ತಿಕೊಂಡು ಹತ್ತಿದಳು. ಬಾಗಿಲನ್ನು ನಾನೇ ಮೆಲ್ಲಗೆ ಹಾಕಿದೆ.

ಗಾಡಿ ಆಗಷ್ಟೇ ಹೊರಟಿತ್ತು, ಎಡಗಾಜಿನ ಮೇಲೆ ಟಪಟಪ ಬಡಿದ ಸದ್ದು. ಅತ್ತೆಯ ದನಿ. ಇಂಜಿನ್ ಸದ್ದಿನಲ್ಲಿ ಒಂದು ಮಾತೂ ತಿಳಿಯಲಿಲ್ಲ.

“ನಿಲ್ಸ್ರಿ, ಅವ್ವ ಏನೋ ಅಂತೈತೆ.”

“ಟೈಮಾಗೈತೆ. ಬಾಗ್ಲು ತೆಗೆದ್ರೆ ಬೆಣೆ ಬೇರೆ ಜಾರತೈತೆ. ಫೋನಲ್ಲಿ ಕೇಳ್ಕಂಡ್ರಾತು ಬಿಡೇ” ಎಂದು ರೇಗಿದೆ.

ನಿಜ ಹೇಳುತ್ತೇನೆ, ನನ್ನನ್ನು ಓಡಿಸಿದ್ದು ರಾಹುಕಾಲವೂ ಅಲ್ಲ, ಬೆಣೆಯೂ ಅಲ್ಲ. ಅತ್ತೆ ಮನಸ್ಸು ಬದಲಾಯಿಸಿ ಇವರನ್ನು ಇಳಿಸಿಕೊಂಡುಬಿಟ್ಟರೆ ಎಂಬ ಹೆದರಿಕೆ. ಆ ಮನೆಯ ಬೀಗ ಇನ್ನೊಂದು ಸಂಜೆ ಒಬ್ಬನೇ ತೆಗೆಯಲು ನನ್ನಿಂದ ಆಗುತ್ತಿರಲಿಲ್ಲ. ತಿರುವಿನಲ್ಲಿ ನನ್ನ ಕಡೆಯ ಕನ್ನಡಿಯಲ್ಲಿ ನೋಡಿದೆ. ಅತ್ತೆ ರಸ್ತೆಯ ನಡುವೆ ನಿಂತಿದ್ದರು.

ಊರು ಸೇರಿದ ಮೇಲೆ ಹೆಂಡತಿ ಫೋನು ಮಾಡಿ ಅವ್ವನನ್ನು ಕೇಳಿದಳು. “ಏನಿಲ್ಲ ಬಿಡವ್ವ, ಸುಮ್ನೆ. ಚೆನ್ನಾಗಿ ಸೇರ್ಕಂಡ್ರಲ್ಲ, ಅಷ್ಟೇ ಸಾಕು” ಎಂದರಂತೆ. ನೋಡು, ನಾನು ಹೇಳಲಿಲ್ಲವಾ ಎಂದು ಬೀಗಿದೆ.

ಒಂದು ತಿಂಗಳೂ ಆಗಲಿಲ್ಲ. ಅತ್ತೆ ಒಲೆಯ ಮುಂದೆ ಕೂತವರು ಏಳಲೇ ಇಲ್ಲ ಎಂದು ಸುದ್ದಿ ಬಂತು. ನಾವು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಮಲಗಿಸಿದ್ದರು. ಪಕ್ಕದ ಮನೆಯಾಕೆ, ಅವತ್ತು ನಮ್ಮನ್ನು ಕಳಿಸಲು ಅತ್ತೆಯ ಜೊತೆ ನಿಂತಿದ್ದಾಕೆ, ಹೆಂಡತಿಯನ್ನು ತಬ್ಬಿಕೊಂಡು ಅತ್ತಳು. ಹೆಂಡತಿ ಕೇಳಿದ್ದು ಒಂದೇ: “ಅವತ್ತು ಗಾಡಿ ಹತ್ರ ಅವ್ವ ಏನು ಅಂತಿತ್ತು?”

“ಕೂಸಿನ ಮಕ ಇನ್ನೊಂದ್ಸಲ ತೋರ್ಸವ್ವ ಅಂತಿದ್ಲು ತಾಯಿ. ಕಂಬಳಿ ಕಟ್ಟಿದ್ಲಲ್ಲ, ಏನೂ ಕಾಣಂಗಿರ್ಲಿಲ್ಲ.”

ಹೆಂಡತಿ ಕೂಸನ್ನು ಎತ್ತಿಕೊಂಡಳು. ಹೆಣದ ಹತ್ತಿರ ಕೂಸು ಬೇಡ ಎಂದು ಹೆಂಗಸರು ತಡೆದರೂ ಕೇಳದೆ, ಅವ್ವನ ತಲೆಯ ಬಳಿ ಕೂತು, ಮಗಳ ಮುಖವನ್ನು ಆ ಮುಚ್ಚಿದ ಕಣ್ಣುಗಳಿಗೆ ಎದುರಾಗಿ ಹಿಡಿದಳು. ಎತ್ತುವವರು ಬರುವ ತನಕ ಹಾಗೇ ಹಿಡಿದಿದ್ದಳು.